ಉಪ್ಪು ಬಿಟ್ಟ ಮನೆ

ಜೂನ್ 3, ರಾತ್ರಿ

ಇವತ್ತೂ ಅತ್ತೆ ಸಿಕ್ಕಿಬಿದ್ದರು. ಮಗನ ತಟ್ಟೆಗೆ ಕದ್ದು ಉಪ್ಪು! ಡಬ್ಬಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ, ಚಿನ್ನ ಬಚ್ಚಿಟ್ಟ ಹಾಗೆ.

"ಅತ್ತೆ, ಅವರಿಗೆ ಬಿ.ಪಿ. ಇದೆ. ಗೊತ್ತಿಲ್ವಾ?"

"ಒಂದು ಚಿಟಿಕೆಗೆ ಏನೂ ಆಗಲ್ಲ ಬಿಡೇ, ದೊಡ್ಡ ಡಾಕ್ಟರಮ್ಮ!"

ಇವರೂ ನಕ್ಕರು. ಇವರ ಜೊತೆ ನಾನೂ ಉಪ್ಪು ಬಿಟ್ಟು ಎರಡು ವರ್ಷ. ಬಾಯೆಲ್ಲ ಸಪ್ಪೆ. ಇರಲಿ, ಗಂಡ ಗಟ್ಟಿಯಾಗಿದ್ದರೆ ಸಾಕು.

ಮಾತ್ರೆ ಮಾತ್ರ ಮರೆಯುತ್ತಾರೆ. ಲಿಫ್ಟ್ ರಿಪೇರಿಗೆ ಬೇರೆ ಊರಿಗೆ ಹೊರಟರೆ ಬಾಟ್ಲಿ ಮನೆಯಲ್ಲೇ. ಲೇಬಲ್ ಇಲ್ಲದ ಬಾಟ್ಲಿ, ಕಿತ್ತುಹೋಯಿತಂತೆ. ಇವತ್ತೂ ಬಸ್‌ಸ್ಟಾಪಿನ ತನಕ ಓಡಿ ಕೊಟ್ಟು ಬಂದೆ. ಮೂರನೇ ತಿಂಗಳಲ್ಲಿ ಯಾವಳಾದರೂ ಓಡ್ತಾಳಾ ಅಂತ ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅಕ್ಕ ಬೈದಳು. ಬಟ್ಟೆ ಕತ್ತರಿಸುವುದು ಅವಳ ಕೆಲಸ. ನಾಲಿಗೆಯೂ ಹಾಗೇ.

ಜೂನ್ 5

ಆಸ್ಪತ್ರೆ. ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆ. ಕಣ್ಣು ಮುಚ್ಚಿಕೊಂಡೆ. ದಿನಾ ಸೂಜಿ ಹಿಡಿಯೋಳು ಹೆದರ್ತೀಯಲ್ಲಮ್ಮ ಅಂತ ಸಿಸ್ಟರ್ ನಕ್ಕರು.

ಜೂನ್ 12

ಎಚ್.ಐ.ವಿ. ಇದೆಯಂತೆ. ನನಗೆ.

ಜೂನ್ 13

ಮತ್ತೆ ಪರೀಕ್ಷೆ. ಅದೇ ಉತ್ತರ.

"ಕಾಂಡೋಮ್ ಬಳಸ್ತಿರಲಿಲ್ವಾ?" ಸಿಸ್ಟರ್ ಮೆಲ್ಲಗೆ ಕೇಳಿದರು. ಏನು ಹೇಳಲಿ? ಒಮ್ಮೆ ಕೇಳಿದ್ದೆ — ಒಂದು ವರ್ಷ ಮಗು ಬೇಡ ಅಂತ. ಇವರು ಕೆಂಡವಾದರು. "ನನ್ನ ಮೇಲೇ ಅನುಮಾನನಾ? ಇಂಥದ್ದೆಲ್ಲ ನಿನಗೆ ಯಾರು ಹೇಳಿಕೊಟ್ಟಿದ್ದು?" ವಾರಗಟ್ಟಲೆ ಮಾತು ಬಿಟ್ಟರು. ಹೊಂದಿಕೊಂಡು ಹೋಗು ಮಗಳೇ ಅಂದಳು ಅಮ್ಮ. ಕೊನೆಗೆ ನಾನೇ ತಪ್ಪಾಯ್ತು ಅಂದೆ.

ಈಗ ಇವರಿಗೆ ಹೇಗೆ ಹೇಳಲಿ? ಬಿ.ಪಿ. ಏರಿಬಿಟ್ಟರೆ...

ಜೂನ್ 16, ಮಧ್ಯಾಹ್ನ

ಸಿಸ್ಟರ್ ಮಾತ್ರೆ ಕೊಟ್ಟರು. ಒಂದನ್ನು ಅಂಗೈಗೆ ಹಾಕಿ ತೋರಿಸಿದರು.

ಆ ಮಾತ್ರೆ ನನಗೆ ಗೊತ್ತು. ಉದ್ದ, ಬಿಳಿ, ಒಂದು ಬದಿಗೆ ಅಚ್ಚೊತ್ತಿದ ಅಕ್ಷರ. ಇದೇ ಕೈಯಿಂದ ಇದೇ ಮಾತ್ರೆಯನ್ನು ಎರಡು ವರ್ಷ ಇವರ ಅಂಗೈಗೆ ಹಾಕಿದ್ದೇನೆ.

"ಇದನ್ನ ಬಿ.ಪಿ.ಗೂ ಕೊಡ್ತಾರಾ ಸಿಸ್ಟರ್?"

"ಇಲ್ಲಮ್ಮ, ಇದಕ್ಕೇ. ದಿನಾ ತಪ್ಪದೆ ನುಂಗಿದರೆ ವೈರಸ್ ಅಡಗುತ್ತೆ. ಮಗೂನ ಕಾಪಾಡಬಹುದು. ಗಂಡ ಹೆಂಡತಿ ಮಧ್ಯೆ ಕೂಡ ಅಂಟಲ್ಲ."

ದಿನಾ ತಪ್ಪದೆ. ಇವರು ಮರೆತ ದಿನಗಳೆಷ್ಟೋ. ನಾನು ಓಡಿ ಓಡಿ ಕೊಟ್ಟೆನಲ್ಲ...

ಸಂಜೆ

ಉಪ್ಪು! ಈಗ ಹೊಳೆಯಿತು. ಬಿ.ಪಿ. ಇಲ್ಲ ಅಂತ ಅತ್ತೆಗೆ ಗೊತ್ತಿತ್ತು. ಅದಕ್ಕೇ ಚಿಟಿಕೆ ಚಿಟಿಕೆ. ತಾಯಿ ಮಗ ನಗುತ್ತಿದ್ದರು, ನಾನು ಸಪ್ಪೆ ತಿನ್ನುತ್ತಿದ್ದೆ. ಥೂ!

ಎರಡೂ ಬಾಟ್ಲಿ ಮೇಜಿನ ಮೇಲಿಟ್ಟೆ. ಅವನು ತಲೆ ತಗ್ಗಿಸಿದ. ಇನ್ನು 'ಇವರು' ಅಂತ ಬರೆಯಲು ಕೈ ಬರುತ್ತಿಲ್ಲ.

"ಹೇಳೋಣ ಅಂತಿದ್ದೆ. ಅಮ್ಮ ಬೇಡ ಅಂದ್ಲು."

ಒಳಗಿನಿಂದ ಅತ್ತೆ — "ಹೇಳಿದ್ರೆ ಹೆಣ್ಣು ಯಾರು ಕೊಡ್ತಿದ್ರು?"

ಮದುವೆಗೆ ಮುಂಚೆ ನನ್ನ ರಕ್ತ ಪರೀಕ್ಷೆ ಮಾಡಿಸಿದ್ದು ಇದೇ ಅತ್ತೆ. ಸಕ್ಕರೆ, ಥೈರಾಯ್ಡ್, ಮಕ್ಕಳಾಗುತ್ತಾ ಇಲ್ವಾ. ಹುಡುಗನದ್ದು ಕೇಳಲು ನಮ್ಮ ಅಣ್ಣನಿಗೆ ನಾಲಿಗೆ ಏಳಲಿಲ್ಲ. ಗಂಡಿನ ಕಡೆಯವರನ್ನು ಹಾಗೆಲ್ಲ ಕೇಳಬಾರದಂತೆ.

ಜೂನ್ 24

ಅತ್ತೆ ಅಣ್ಣನಿಗೆ ಫೋನ್ ಮಾಡಿದರು. ನನ್ನೆದುರೇ. "ನಿಮ್ಮ ತಂಗಿ ಏನೋ ರೋಗ ತಂದಿದ್ದಾಳೆ. ಹೊಲಿಗೆ ಅಂಗಡಿಗೆ ಎಂತೆಂಥವರೋ ಬರ್ತಾರಲ್ಲ..." ಕಳ್ಳನಿಗೊಂದು ಪಿಳ್ಳೆ ನೆವ. ಅವನು ಪಕ್ಕದಲ್ಲೇ ಕೂತು ಉಗುರು ಕಚ್ಚುತ್ತಿದ್ದ.

ಅಣ್ಣ ನನ್ನ ಫೋನ್ ಎತ್ತುತ್ತಿಲ್ಲ. ಭಾನುವಾರ ಬರುತ್ತಾನಂತೆ, ನನ್ನನ್ನು ವಿಚಾರಿಸಲು. ಮೊದಲು ಬಯಲಾದದ್ದು ನನ್ನದು, ಹಾಗಾಗಿ ತಂದವಳೂ ನಾನೇ. ಉಪ್ಪು ತಿಂದವನು ನೀರು ಕುಡಿಯಬೇಕಂತೆ. ಇಲ್ಲಿ ತಿಂದವನು ಅವನು, ಕುಡಿಯುತ್ತಿರುವವಳು ನಾನು. ನನ್ನ ಮಗುವೂ ಕುಡಿಯಬೇಕೇನೋ.

ಕತ್ತರಿ ಅಕ್ಕನಿಗೆ ಎಲ್ಲ ಹೇಳಿದೆ. "ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ. ನೀನು ಅಳ್ತಾ ಕೂತ್ರೆ ಅವರ ಮಾತೇ ನಿಜ ಆಗುತ್ತೆ. ಯಾರೂ ನಂಬದಿದ್ರೆ ನಮ್ಮನೆಗೆ ಬಾ" ಅಂದಳು. ನನ್ನ ಲೋಟದಲ್ಲೇ ಟೀ ಕುಡಿದಳು.

ಜೂನ್ 29, ಭಾನುವಾರ

ಅಣ್ಣ ಬಂದಿದ್ದಾನೆ. ನನ್ನ ಮುಖ ನೋಡಲಿಲ್ಲ. ಹಾಲ್‌ನಲ್ಲಿ ಮೂವರದೂ ಪಿಸುಮಾತು. ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ.

ಇವತ್ತು ಸರಿಯಾಗಿ ಉಪ್ಪು ಹಾಕಿದ್ದೇನೆ. ರುಚಿ ನೋಡಿದೆ — ಅಬ್ಬಾ! ಅಳು ಬಂತು.

ಅವನ ಬಾಟ್ಲಿಯಿಂದ ಒಂದು ಮಾತ್ರೆ, ನನ್ನದರಿಂದ ಒಂದು. ಅವನ ತಟ್ಟೆಯ ಪಕ್ಕ ಇಡುತ್ತೇನೆ, ಅಣ್ಣನ ಕಣ್ಣೆದುರು. ಎರಡು ವರ್ಷದಿಂದ ಇವನು ನುಂಗುತ್ತಿರುವುದೂ ಇದೇ, ಈಗ ನನಗೆ ಕೊಟ್ಟಿರುವುದೂ ಇದೇ, ಅನ್ನುತ್ತೇನೆ. ನಂಬಿದರೆ ಸರಿ. ಇಲ್ಲದಿದ್ದರೆ ಬಾಗಿಲ ಹಿಂದೆ ನನ್ನ ಚೀಲ ಇದೆ. ಚೀಲಕ್ಕೆ ಮೊದಲು ಹಾಕಿದ್ದು ನನ್ನ ಮಾತ್ರೆ.

ಅತ್ತೆ ಕೂಗುತ್ತಿದ್ದಾರೆ — "ಏನೇ, ಬಡಿಸ್ತೀಯೋ ಇಲ್ವೋ? ಅವನಿಗೆ ಉಪ್ಪು ಕಡಿಮೆ ಹಾಕು, ಬಿ.ಪಿ. ಇದೆ!"

ಅಣ್ಣನಿಗೆ ಕೇಳಲಿ ಅಂತಲೇ ಇಷ್ಟು ಜೋರಾಗಿ. ಬಂದೆ ಅತ್ತೆ, ಮಾತ್ರೆನೂ ತರ್ತಿದ್ದೀನಿ, ಎರಡೂ—