ಒಂದೇ ಡಬ್ಬಿಯ ಮುಲಾಮು

12 ನವೆಂಬರ್ 2024, ಮಂಗಳವಾರ. ಭಟ್ಕಳ.

ಡಾಕ್ಟರು ಹೇಳುವುದು, ಮಾಸ್ತಪ್ಪಣ್ಣನ ದೋಣಿಯವರನ್ನೆಲ್ಲ ಮುಲಾಮಿನ ಅಧ್ಯಯನದಿಂದ ತೆಗೆಯಬೇಕಂತೆ. "ಸೂಚನೆ ಪಾಲಿಸದವರು" ಎಂದು ನಾನೇ ಬರೆದು ಕೊಡಬೇಕಂತೆ. ಬರೆಯುವುದಿಲ್ಲ.

ಹಗ್ಗ ಎಳೆದು, ಉಪ್ಪುನೀರು ತಾಗಿ ಒಡೆಯುವ ಮೀನುಗಾರರ ಅಂಗೈಗೆ ಹೊಸ ಮುಲಾಮು. ಪರೀಕ್ಷೆಗೆಂದು ಒಂದೇ ದೋಣಿಯ ಕೆಲವರಿಗೆ ಔಷಧ, ಉಳಿದವರಿಗೆ ಬರೀ ಜಿಡ್ಡು. ಟ್ಯೂಬು ಮಾತ್ರ ಒಂದೇ ಥರ. ಯಾರಿಗೆ ಯಾವುದೆಂದು, ಹಂಚಿದ ನರ್ಸ್ ಆದ ನನಗೂ ಗೊತ್ತಿಲ್ಲ. ಇವತ್ತು ಬಂದರಿಗೆ ಹೋದರೆ, ಮಾಸ್ತಪ್ಪಣ್ಣನ ದೋಣಿಯವರು ಎಲ್ಲ ಟ್ಯೂಬುಗಳನ್ನೂ ಒಂದೇ ಡಬ್ಬಿಗೆ ಹಿಂಡಿ, ಕಲಸಿ, ಎಲ್ಲರೂ ಹಚ್ಚಿಕೊಳ್ಳುತ್ತಿದ್ದಾರೆ!

"ಹೀಗೆ ಮಾಡ್ಬಾರ್ದು ಅಂದಿದ್ನಲ್ಲ?" ಎಂದೆ.

ದೋಣಿ ನಡೆಸುವ ತಾಂಡೇಲ ಮಾಸ್ತಪ್ಪಣ್ಣ ತಲೆಯೆತ್ತಲಿಲ್ಲ. "ಎಂತ ತಂಗಿ, ಹಿಡ್ದ ಮೀನು ಪಾಲು ಮಾಡುವವ್ರು ನಾವು. ನನ್ ಕೈ ವಾಸಿಯಾಗಿ ಪಕ್ಕದವ್ನ ಕೈ ಒಡ್ಕಂಡೇ ಇದ್ರೆ ಬಲೆ ಎಳುದು ಹೆಂಗೆ?"

ತಿಳಿಸಿದ್ದಕ್ಕೆ ಅಧ್ಯಯನ ನಡೆಸುವ ಡಾಕ್ಟರು ಫೋನಿನಲ್ಲೇ ಸಿಡಿದರು. "ವರ್ಷದ ಕೆಲಸ ಹಾಳಾಯಿತು ಸಿಸ್ಟರ್!" ಹಾಳಾಗಿದ್ದು ನಿಜ. ಇದು ಗುಣ ಕೊಡುತ್ತದೋ ಇಲ್ಲವೋ ತಿಳಿಯದೆ ನಾಳೆ ಹೊನ್ನಾವರ, ಕುಮಟಾದ ಕೈಗಳಿಗೆ ಏನೆಂದು ಹಚ್ಚುವುದು? ಆದರೆ ಒಂದೇ ಬಲೆ ಎಳೆಯುವವರನ್ನು ಎರಡು ಗುಂಪು ಮಾಡಿದವರು ನಾವು. ತಪ್ಪಿತಸ್ಥರು ಅವರೇ?

ನಾಳೆ ಡಾಕ್ಟರ ಮುಖಕ್ಕೇ ಹೇಳುತ್ತೇನೆ. ಪರೀಕ್ಷೆ ಮೊದಲಿನಿಂದ ಮಾಡಿ, ಒಂದು ದೋಣಿಗೆ ಒಂದೇ ಮುಲಾಮು ಕೊಡಿ; ಔಷಧವಾದರೆ ದೋಣಿಯವರಿಗೆಲ್ಲ ಔಷಧ, ಜಿಡ್ಡಾದರೆ ಎಲ್ಲರಿಗೂ ಜಿಡ್ಡು. ಗುಣವಾದರೆ ಎಲ್ಲ ದೋಣಿಗೂ ಕೊಡುತ್ತೇವೆ ಎಂದು ಈಗಲೇ ಮಾತು ಕೊಡಿ. ಅವರನ್ನು ತೆಗೆಯುವುದಾದರೆ ನನ್ನನ್ನೂ ತೆಗೆಯಿರಿ.

ಇವತ್ತು ಬಂದರಿನಿಂದ ಹೊರಡುವಾಗ, ತೊಳೆದೂ ತೊಳೆದೂ ಒಡೆದ ನನ್ನ ಬೆರಳು ನೋಡಿ ಮಾಸ್ತಪ್ಪಣ್ಣ ಡಬ್ಬಿ ಚಾಚಿದ. "ನಿಂದೂ ಒಂದು ಪಾಲು."

ಹಚ್ಚಿಕೊಂಡೆ. ಪೆನ್ನಿಗೆಲ್ಲ ಜಿಡ್ಡು ಅಂಟುತ್ತಿದೆ. ಅಂಟಲಿ.