ನಿನ್ನ ತಲೆಯಲ್ಲಿದ್ದ ನಂಬರು

ಪೈನ್ ಹಾಲೋ
ಮಾರ್ಚ್ 9, 2025, ಭಾನುವಾರ

ಪ್ರೀತಿಯ ಬಾಲ್ತಸಾರ್,

ಸಕ್ಕರೆ ಕಾಯಿಲೆಯ ಮಾತ್ರೆ ಕೊಡುತ್ತಿದ್ದಾರೋ ಇಲ್ಲವೋ, ಮೊದಲು ಅದನ್ನು ತಿಳಿಸು. ಪಾದ ಊದಿಕೊಂಡಿದೆಯೇ? ಆ ಬಂಧನ ಕೇಂದ್ರದಲ್ಲಿ ಹಗಲಿರುಳೂ ತಣ್ಣನೆಯ ಗಾಳಿ ಬಿಡುತ್ತಾರಂತೆ. ಕಾಲುಚೀಲ ಎರಡೆರಡು ಹಾಕಿಕೋ. ಮಗಳು ಮಿಕಾಯೆಲಾ ಚೆನ್ನಾಗಿದ್ದಾಳೆ, ಮುಂದಿನ ಹಲ್ಲೊಂದು ಬಿತ್ತು. ನಾನು ಚೆನ್ನಾಗಿಲ್ಲ. ಸುಳ್ಳು ಬರೆದು ಕಾಗದ ಯಾಕೆ ದಂಡ ಮಾಡಲಿ?

ಅವರು ಕೊಟ್ಟ ಮಾತುಗಳನ್ನೂ ಉಳಿಸಿಕೊಳ್ಳದೆ ಹೋದದ್ದನ್ನೂ ಮೊದಲು ಬರೆದುಬಿಡುತ್ತೇನೆ. ಚುನಾವಣೆಗೆ ಮೊದಲು ನಮ್ಮ ಕೌಂಟಿಯ ಪೊಲೀಸರ ದೊರೆ ಆ ಶೆರಿಫ್ ನಮ್ಮ ಚರ್ಚಿನ ಹಾಲಿಗೇ ಬಂದು, ನಾವು ಬೇಯಿಸಿದ ತಮಾಲೆ ತಿಂದು ಮಾತು ಕೊಟ್ಟ: ಕೊಲೆಗಡುಕರನ್ನು ಮಾತ್ರ ಕೇಂದ್ರ ಸರ್ಕಾರದ ವಲಸೆ ಪೊಲೀಸರ ಕೈಗೆ ಕೊಡುತ್ತೇನೆ ಎಂದು. ಸಿಕ್ಕಿಬಿದ್ದದ್ದು ನೀನು, ಹಿಂದಿನ ದೀಪ ಒಡೆದ ಪಿಕಪ್ಪಿನಲ್ಲಿ ಕೋಳಿ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದವನು. ನ್ಯಾಯಾಧೀಶೆ ಮನೆಗೆ ಬಿಡಿ ಎಂದಳು, ಬಿಡಲಿಲ್ಲ. ಕೇಂದ್ರದವರು ಬಂದು ಒಯ್ಯಲಿ ಎಂದು ಇನ್ನೆರಡು ದಿನ ಹಿಡಿದಿಟ್ಟರು. ನಮ್ಮ ಕಂಜೊಬಾಲ್ ಭಾಷೆ ಬಲ್ಲವರನ್ನು ಕರೆಸುತ್ತೇವೆ ಎಂದವರು ಸ್ಪ್ಯಾನಿಷ್‌ನವನನ್ನು ಕರೆಸಿದರು. ನೀನು ತಡವರಿಸಿದ್ದಕ್ಕೆ ‘ಸಹಕರಿಸುತ್ತಿಲ್ಲ’ ಎಂದು ಬರೆದುಕೊಂಡರು. ಭೇಟಿ ಕೇಳಿದೆ, ಇಲ್ಲ. ಮಾತ್ರೆ ತಲುಪಿಸಲು ಹೋದೆ, ಕಿಟಕಿ ಮುಚ್ಚಿದರು. ಹಿಡಿದವರನ್ನು ಒಪ್ಪಿಸುವ ಒಪ್ಪಂದಕ್ಕೆ ಶೆರಿಫ್ ಕೇಂದ್ರದ ಜೊತೆ ಹಾಕಿದ ಸಹಿಗೂ ಅವರು ಕೊಟ್ಟ ಹೆಸರು ಸಹಕಾರವೇ. ಮನೆಗೆ ನುಗ್ಗುವವನಿಗೆ ಏಣಿ ಹಿಡಿಯುವುದೂ ಸಹಕಾರವೇ ಅಲ್ಲವೇ!

ಇನ್ನು ಹೊಟ್ಟೆಯೊಳಗಿನ ಮಾತು. ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳಲಾರೆ. ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಕೋಳಿಯ ಮೂಳೆ ಬಿಡಿಸುವ ಮಗ್ದಲೇನಾ ನದಿಯ ಆ ದಡದವಳು, ಬೇರೆ ಕೌಂಟಿ, ಅಲ್ಲಿನ ಶೆರಿಫ್ ಬೇರೆ. ಅವಳ ಗಂಡನನ್ನೂ ಅದೇ ವಾರ ಹಿಡಿದರು, ನಿನ್ನಂತೆ ಅವನ ಹತ್ತಿರವೂ ಗಾಡಿ ಲೈಸೆನ್ಸ್ ಇರಲಿಲ್ಲ. ಅವನು ದಂಡದ ಚೀಟಿ ಹಿಡಿದು ಸಂಜೆಯ ಊಟಕ್ಕೆ ಮನೆಯಲ್ಲಿದ್ದ. ‘ನಮ್ ಶೆರಿಫ್ ಸಹಿ ಹಾಕಿಲ್ವಂತೆ ಕಣೇ, ಪುಣ್ಯ’ ಎಂದಳು. ಪುಣ್ಯವಂತೆ! ಮರುದಿನ ಬೆಳಿಗ್ಗೆ ಅವನ ಗೊರಕೆಯಿಂದ ನಿದ್ದೆ ಬರಲಿಲ್ಲ ಎಂದು ದೂರಿದಳು. ಕೈಯಲ್ಲಿ ಚಾಕು ಇತ್ತು ಬಾಲ್ತಸಾರ್, ಕೋಳಿಯನ್ನೇ ನೋಡುತ್ತ ನಿಂತೆ. ಒಂದು ಸೇತುವೆ, ನಾಲ್ಕು ನಿಮಿಷದ ದಾರಿ. ಆ ಕಡೆ ಅವಳ ಗಂಡ ಗೊರಕೆ ಹೊಡೆಯುತ್ತಾನೆ, ಈ ಕಡೆ ನನ್ನ ಹಾಸಿಗೆ ತಣ್ಣಗಿದೆ.

ಆದರೆ ಆ ಉರಿ ಸಣ್ಣದು. ದೊಡ್ಡದು ಓತಿಲಿಯಾಳ ಮೇಲಿನದು. ನಮ್ಮ ವಲಸಿಗರ ಸಂಘದ ಸಹಾಯದ ಫೋನು ಹಿಡಿದಿರುವ ನಿಮ್ಮೂರಿನ ಓತಿಲಿಯಾ. ಜೈಲಿನಲ್ಲಿ ನಿನಗೆ ಒಂದೇ ಒಂದು ಕರೆ ಕೊಟ್ಟರು. ಅವಳಿಗೆ ಮಾಡಿದೆ. ‘ಪೆತ್ರೋನಾಗೆ ಹೇಳ್ಬಿಡು’ ಅಂದೆಯಂತೆ. ಹೇಳಿಬಿಡು! ಹೆಂಡತಿ ನಾನು, ಸುದ್ದಿ ಬಂದದ್ದು ಇನ್ನೊಬ್ಬಳ ಬಾಯಿಂದ. ಚರ್ಚಿನ ಹಾಲಿನಲ್ಲಿ ಅವಳು ಎಲ್ಲರ ತೋಳಿನ ಮೇಲೆ ಸಂಘದ ನಂಬರು ಬರೆಸಿ, ಶಾಲೆಯ ಮಕ್ಕಳಂತೆ ಬಾಯಿಪಾಠ ಮಾಡಿಸಿದ್ದು ನನಗೂ ಗೊತ್ತು. ನಾನೂ ಮಾಡಿದ್ದೇನೆ. ಆದರೂ ಹನ್ನೊಂದು ವರ್ಷ ನನ್ನ ನಂಬರು ನಿನ್ನ ಫೋನಿನಲ್ಲಿತ್ತು, ತಲೆಯಲ್ಲಿ ಇರಲಿಲ್ಲ. ಫೋನು ಕಿತ್ತುಕೊಂಡರು, ನಾನೂ ಅದರೊಂದಿಗೇ ಹೋದೆ.

ಅಷ್ಟಕ್ಕೇ ಮುಗಿಯಲಿಲ್ಲ. ನಾನು ಜೈಲಿಗೆ ಮೂರು ಸಲ ಫೋನು ಮಾಡಿ ‘ಬಾಲ್ತಸಾರ್ ದಿಯೆಗೋ’ ಎಂದೆ. ಅಂಥವನು ಇಲ್ಲವೇ ಇಲ್ಲ ಎಂದರು. ಹೊಳೆಗೆ ಎಸೆದರೇನೋ ಎಂದು ಗೋಡೆಗೆ ತಲೆ ಚಚ್ಚಿಕೊಂಡೆ. ಓತಿಲಿಯಾ ಬಂದವಳೇ, ‘ಅಯ್ಯೋ ಅಕ್ಕಾ, ನಮ್ದು ಅಪ್ಪನ ಹೆಸ್ರು ಮೊದ್ಲು, ಅವ್ವಂದು ಆಮೇಲೆ. ಈ ದೇಶದೋರಿಗೆ ಕೊನೇಲಿ ಇರೋ ಹೆಸ್ರೇ ಮನೆತನದ್ದು. ಮಾತೇವೋ ಅಂತ ಹುಡುಕ್ಸು’ ಎಂದಳು. ಹುಡುಕಿಸಿದೆ. ನೀನು ಇದ್ದೆ. ನಿನ್ನ ಅವ್ವನ ಹೆಸರು ಅವಳ ನಾಲಿಗೆಯ ತುದಿಯಲ್ಲಿ ಯಾಕಿತ್ತು? ನಿನ್ನ ಅವ್ವ ಮೊದಲು ರೊಟ್ಟಿ, ಚಾಕೊಲೇಟು ಹೊತ್ತು ಹೆಣ್ಣು ಕೇಳಲು ಹೋದದ್ದು ಅವಳ ಮನೆಗೇ ಅಲ್ಲವೇ? ನನಗೆ ತಿಳಿಯದು ಅಂದುಕೊಂಡಿದ್ದೆಯಾ?

ಬುಧವಾರ ಚರ್ಚಿನ ಹಾಲಿನಲ್ಲಿ ನಲವತ್ತು ಜನರ ಎದುರು ಅವಳ ಮೇಲೆ ಹರಿಹಾಯ್ದೆ. ‘ನನ್ ಗಂಡನ್ ಹೆಸ್ರು ಹೇಳ್ಕೊಂಡು ಲೀಡರ್ ಆಗ್ತಿದೀಯೇನೇ’ ಎಂದೆ. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. ‘ಹೂಂ ಕಣಕ್ಕಾ, ಆಗ್ತಿದೀನಿ. ಅವನು ಒಳಗಿದಾನೆ, ನೀನು ಬಾಯಿ ಬಿಡಲ್ಲ. ಇನ್ಯಾರು ಮಾತಾಡ್ಬೇಕು, ಆ ಪಿಕಪ್ಪಾ?’ ಎಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ಅದಕ್ಕೇ ಇನ್ನಷ್ಟು ಉರಿಯಿತು.

ಅವಳು ಮಾಡಿದ ಕೆಲಸವನ್ನು ಇಲ್ಲವೆನ್ನಲಾರೆ. ಅರ್ಜಿ ಹಾಕಿ ಆ ಒಪ್ಪಂದದ ಪ್ರತಿ ತರಿಸಿದ್ದಾಳೆ. ಅದು ಈ ತಿಂಗಳು ಮುಗಿಯುತ್ತದೆ, ಮುಂದುವರಿಸಬೇಕೋ ಬೇಡವೋ ಎಂದು ಕೌಂಟಿ ಸಭೆಯಲ್ಲಿ ಮತ ಹಾಕುತ್ತಾರೆ. ಅವಳ ಏರ್ಪಾಟಿನಂತೆ ಲೈಸೆನ್ಸ್ ಇದ್ದವರು ಪಾಳಿಯಲ್ಲಿ ನಮ್ಮನ್ನು ಕಾರ್ಖಾನೆಗೆ ಕರೆದೊಯ್ಯುತ್ತಾರೆ. ಸಭೆಯಲ್ಲಿ ಊರಿನವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಒಪ್ಪಂದ ಬಿದ್ದರೂ ನೀನು ಮರುದಿನವೇ ಬರುವುದಿಲ್ಲ, ನಿನ್ನ ವಿಚಾರಣೆ ಬೇರೆ. ಆದರೆ ಇನ್ನೊಬ್ಬಳ ಗಂಡ ಊಟಕ್ಕೆ ಮನೆಗೆ ಬರುತ್ತಾನೆ. ಅವಳ ಮೇಲೂ ಹೊಟ್ಟೆ ಉರಿದುಕೊಳ್ಳುತ್ತೇನೆ, ಉರಿಯಲಿ. ಆದರೆ ಬಾಗಿಲಲ್ಲಿ ಶೆರಿಫ್‌ನ ಆಳುಗಳೇ ನಿಂತಿರುತ್ತಾರೆ. ಮಾತಾಡುವವರು ಹೆಸರು, ವಿಳಾಸ ಬರೆಯಬೇಕು. ನನ್ನ ಸ್ಥಿತಿ ನಿನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಬೆನ್ನು ಬಗ್ಗಿಸಬೇಡ. ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡ. ಸಂಘದವರೆಲ್ಲ ನಿನ್ನನ್ನು ಕೇಳಿದರು. ಮಿಕಾಯೆಲಾ ನಿನ್ನ ಗಡ್ಡಕ್ಕೊಂದು ಮುತ್ತು ಕಳಿಸಿದ್ದಾಳೆ.

ಕೋಪದಲ್ಲೂ ನಿನ್ನವಳೇ,
ಪೆತ್ರೋನಾ

ಮರೆತಿದ್ದೆ. ಸಭೆಯಲ್ಲಿ ನಿನ್ನ ಪರವಾಗಿ ಮಾತಾಡುವವರ ಪಟ್ಟಿಯಲ್ಲಿ ಓತಿಲಿಯಾಳ ಹೆಸರಿತ್ತು. ಅದನ್ನು ಅಳಿಸಿ ನನ್ನದು ಬರೆಸಿದೆ. ಅವಳು ‘ಮಗೂಗೆ ಏನ್ ಮಾಡ್ತೀಯಾ?’ ಎಂದಷ್ಟೇ ಕೇಳಿದಳು. ಶುಕ್ರವಾರ ವಕೀಲರ ಹತ್ತಿರ ಹೋಗಿ, ನನ್ನನ್ನೂ ಒಯ್ದರೆ ಮಿಕಾಯೆಲಾ ಯಾರ ಮನೆಯಲ್ಲಿರಬೇಕು ಎಂಬ ಕಾಗದ ಮಾಡಿಸಿದೆ. ಮಗ್ದಲೇನಾಳ ಹೆಸರು ಹೇಳಲೆಂದು ಬಾಯಿ ತೆರೆದೆ, ಓತಿಲಿಯಾ ಎಂದು ಬಂತು. ‘ಇವ್ರು ನಿಮಗೆ ಏನಾಗ್ಬೇಕು?’ ಎಂದು ಕೇಳಿದರು. ತಂಗಿ ಎಂದು ಬರೆಸಿದೆ. ನೀನು ನಗಬೇಡ. ನಿನಗಿಂತ ಮೊದಲು ಈ ಕಾಗದ ಒಡೆದು ಓದುವ ಅಲ್ಲಿನ ಸಾಹೇಬರೂ ಸಭೆಗೆ ಬರಬಹುದು, ಬಾಗಿಲು ಎಲ್ಲರಿಗೂ ತೆರೆದಿರುತ್ತದೆ: ಕೌಂಟಿ ಕಚೇರಿಯ ಎರಡನೇ ಮಹಡಿ, ಸೋಮವಾರ, ಮಾರ್ಚ್ ಹದಿನೇಳು, ಸಂಜೆ ಆರು ಗಂಟೆ.