ನೆಲಕ್ಕ ಬಿದ್ದ ಆರು

ಶನಿವಾರ, ಜುಲೈ ೧೨

ಆ ದಾಳ ಇನ್ನೂ ತಲ್ಯಾಗ ಉರುಳಾಕತ್ತೈತಿ.

ಲಕ್ವಾ ಹೊಡದ ಮ್ಯಾಲೆ ಜನಾರ್ದನ ಕಾಕಾ ಇವತ್ತ ಮೊದಲ ಸಲ ನನ್ನ ಜೋಡಿ ಅಂತರಿಕ್ಷ ಯುದ್ಧದ ದಾಳದ ಆಟಕ್ಕ ಕೂತರು. ಹಿಮಾಯತ್‌ನಗರದ ಅವರ ಮನ್ಯಾಗ, ಊಟದ ಮೇಜಿನ ಮ್ಯಾಲೆ. ಆಟದಾಗ ಅವರ ದೊಡ್ಡ ಅಂತರಿಕ್ಷ ಹಡಗು ಉಳೀಬೇಕಂದ್ರ ಆರೇ ಬೀಳಬೇಕಿತ್ತು. ನಡಗೋ ಕೈಯಿಂದ ದಾಳ ಜಾರಿ ನೆಲಕ್ಕ ಬಿತ್ತು. ಬಗ್ಗಿ ನೋಡಿದೆ, ಆರು!

“ಆರು ಬಿತ್ತು ಕಾಕಾ, ಉಳದ್ರಿ ನೀವು” ಅಂದೆ. ಬಾಜೂಕ ಕೂತಿದ್ದ ಅವರ ಹೆಂಡತಿ ಶಾಮಲಾ ಕಾಕು ಚಪ್ಪಾಳಿ ತಟ್ಟಿದರು.

ಕಾಕಾ ಹುಬ್ಬು ಗಂಟಿಕ್ಕಿದರು. “ನೆಲಕ್ಕ ಬಿದ್ದದ್ದು ಲೆಕ್ಕಕ್ಕಿಲ್ಲ. ಈ ನಿಯಮ ನಿನಗ ಕಲಿಸಿದಾಂವ ನಾನ. ನನ್ನ ಕೈ ನೋಡಿ ರಿಯಾಯಿತಿ ಕೊಡಾಕತ್ತಿ ಏನು?”

ದಾಳ ಎತ್ತಿ ಕೊಟ್ಟೆ. ಎರಡೂ ಕೈಯಾಗ ಹಿಡದು ಮೇಜಿನ ಮ್ಯಾಲೆ ಉರುಳಿಸಿದರು. ಒಂದು ಬಿತ್ತು. ಹಡಗು ಹೋತು. ಕಾಕಾ ಹೊಟ್ಟಿ ಹಿಡಕೊಂಡು ನಕ್ಕರು! ದವಾಖಾನಿಯಿಂದ ಬಂದ ಮ್ಯಾಲೆ ಆ ನಗು ನಾವು ಕೇಳೇ ಇರಲಿಲ್ಲ. ಕಾಕು ಒಳಗ ಹೋಗಿ ಕಣ್ಣು ಒರಸಿಕೊಂಡರು.

ಇಷ್ಟು ತಿಂಗಳು ಎಲ್ಲಾದರಾಗೂ ಅವರಿಗೆ ಬಿಟ್ಟುಕೊಟ್ಟೆವು. ಅದನ್ನ ಪ್ರೀತಿ ಅಂದ್ಕೊಂಡಿದ್ದೆ. ಸೋಲೋ ಹಕ್ಕನ್ನೂ ಅವರಿಂದ ನಾವ ಕಸಗೊಂಡಿದ್ವಿ ಅಂತ ಈಗ ಅನಸತೈತಿ. ಬರೂ ಶನಿವಾರ ಅವರ ಹಡಗಿಗೆ ಇನ್ನೂ ಜೋರಾಗಿ ಹೊಡೀಬೇಕು, ಇಲ್ಲಂದ್ರ ಕಾಕಾ ನನ್ನ ಜೋಡಿ ಆಟಕ್ಕ ಕೂಡೂದಿಲ್ಲ.